ಬೆಟ್ಟದ ಜನರ ಸಮುದ್ರ

ಇಸ್ರೇಲಿಗೆ ಹೋಗುವವರ ಪಟ್ಟಿಯಲ್ಲಿ ಜೆರುಸಲೇಮ್, ಬೆತ್ಲೆಹೇಮ್, ನಜರೇತ್ ಇದ್ದೇ ಇರುತ್ತವೆ. 2022ರ ನವೆಂಬರಿನಲ್ಲಿ ನಾವು ಹೊರಟಾಗ ನಮ್ಮ ಪಟ್ಟಿ ಸ್ವಲ್ಪ ಬೇರೆ ಇತ್ತು. ಕಾರಣ ನಮ್ಮ ಭಾವ. ಮಲ್ಪೆಯವರು, ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. "ಬೈಬಲಿನಲ್ಲಿ ಇಷ್ಟು ಸಮುದ್ರ ಉಂಟು, ಇಷ್ಟು ಹಡಗು ಉಂಟು. ಟೂರಿನವರು ಒಂದು ಬಂದರು ಸಹ ಸರಿಯಾಗಿ ತೋರಿಸುವುದಿಲ್ಲ ಮಾರಾಯ" ಎಂಬುದು ಅವರ ದೂರು. ಹಾಗಾಗಿ ಬಾಡಿಗೆ ಕಾರು ಹಿಡಿದು, ನೀರಿದ್ದ ಕಡೆಗೆಲ್ಲ ಹೋಗುವುದು ಎಂದಾಯಿತು. ಅಕ್ಕ ಕನ್ನಡ ಬೈಬಲ್ ಬ್ಯಾಗಿಗೆ ಹಾಕಿಕೊಂಡಳು. ಓದುವ ಕೆಲಸ ಅವಳದ್ದು, ತಕರಾರು ತೆಗೆಯುವ ಕೆಲಸ ಭಾವನದ್ದು.

ಮೊದಲ ದಿನ: ಯೊಪ್ಪ

ಬೈಬಲಿನ ಯೊಪ್ಪ ಈಗ ಟೆಲ್ ಅವೀವ್ ನಗರಕ್ಕೆ ಅಂಟಿಕೊಂಡಿರುವ ಜಾಫಾ. ದಿಣ್ಣೆಯ ಮೇಲೆ ಹಳೇ ಊರು, ಕೆಳಗೆ ಪುಟ್ಟ ದಕ್ಕೆ. ಮೀನಿನ ಬಲೆಗಳ ಪಕ್ಕದಲ್ಲೇ ಕಾಫಿ ಅಂಗಡಿಗಳು. ದೇವರು ಪೂರ್ವದ ನಿನೆವೆಗೆ ಹೋಗು ಎಂದಾಗ ಪ್ರವಾದಿ ಯೋನ ಇಲ್ಲಿಗೆ ಬಂದು, ಟಿಕೆಟ್ ದುಡ್ಡು ಕೊಟ್ಟು, ಸರಿಯಾಗಿ ಎದುರು ದಿಕ್ಕಿಗೆ, ಅಂದರೆ ಪಶ್ಚಿಮದ ತಾರ್ಷೀಷಿಗೆ ಹೊರಟ ಹಡಗು ಹತ್ತಿದ. ತಾರ್ಷೀಷ್ ಸ್ಪೇನಿನ ದಕ್ಷಿಣದಲ್ಲಿತ್ತು ಎಂದು ಬಹಳ ಮಂದಿ ಹೇಳುತ್ತಾರೆ. ಆ ಕಾಲಕ್ಕೆ ಅದು ಲೋಕದ ಆಚೆ ತುದಿ.

ಇಲ್ಲಿ ಎಲ್ಲರೂ ತಿಮಿಂಗಿಲದ ಶಿಲ್ಪದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ಆದರೆ ನನಗೆ ಆ ಕಥೆಯಲ್ಲಿ ಯೋನನನ್ನು ನುಂಗಿದ ಮೀನಿಗಿಂತ ನಾವಿಕರೇ ಇಷ್ಟ. ಬಿರುಗಾಳಿ ಎದ್ದಾಗ ಅವರು ಪ್ರತಿಯೊಬ್ಬರೂ ತಂತಮ್ಮ ದೇವರನ್ನು ಕೂಗುತ್ತಾರೆ, ಸರಕನ್ನು ನೀರಿಗೆ ಎಸೆದು ಹಡಗು ಹಗುರ ಮಾಡುತ್ತಾರೆ. ತಪ್ಪು ಯೋನನದ್ದು ಎಂದು ಗೊತ್ತಾದ ಮೇಲೂ ಅವನನ್ನು ಎಸೆಯಲು ಮನಸ್ಸು ಬಾರದೆ, ದಡ ಸೇರಲು ಹುಟ್ಟು ಹಾಕಿ ಒದ್ದಾಡುತ್ತಾರೆ. ಪ್ರವಾದಿ ಮಾತ್ರ ಅಷ್ಟು ಹೊತ್ತೂ ಕೆಳಗೆ ಮಲಗಿ ನಿದ್ದೆ! ಅವನ ಊರು ಗತ್‌ಹೇಫೆರ್, ನಜರೇತಿನ ಹತ್ತಿರದ ಗುಡ್ಡಗಾಡು. ಹಡಗು ನಡೆಸುವವರು ಬೇರೆ ದೇವರ, ಬೇರೆ ಊರಿನ ಜನ. ಹೋದ ಕಡೆಯಲ್ಲೆಲ್ಲ ನಮಗೆ ಇದೇ ಕಥೆ ಸಿಕ್ಕಿತು.

ದಕ್ಕೆಯ ತುದಿಗೆ ನಡೆದುಹೋದರೆ ನೀರಿನಲ್ಲಿ ಕಪ್ಪು ಬಂಡೆಗಳ ಸಾಲು ಕಾಣುತ್ತದೆ. ಭಾವ ಅಲ್ಲಿ ತುಂಬ ಹೊತ್ತು ನಿಂತರು.

"ಇದರ ಒಳಗೆ ಹಡಗು ತರುವುದಾ? ನಾನಾದರೆ ಹೊರಗೇ ಲಂಗರು ಹಾಕಿ ಕೂರುತ್ತಿದ್ದೆ" ಎಂದರು.

ಹಾಗೇ ಮಾಡುತ್ತಿದ್ದರಂತೆ. ಸ್ಟೀಮರ್ ಕಾಲದಲ್ಲೂ ಹಡಗುಗಳು ಹೊರಗೆ ನಿಂತು, ಜನರನ್ನು, ಕಿತ್ತಳೆ ಪೆಟ್ಟಿಗೆಗಳನ್ನು ಸಣ್ಣ ದೋಣಿಗಳಲ್ಲಿ ಬಂಡೆಗಳ ಸಂದಿನಿಂದ ಸಾಗಿಸುತ್ತಿದ್ದರು. ಇಡೀ ದಕ್ಷಿಣ ಕರಾವಳಿಯ ಕಥೆಯೇ ಇಷ್ಟು. ಗಾಜಾದಿಂದ ಕರ್ಮೆಲ್ ಬೆಟ್ಟದವರೆಗೆ ಗೆರೆ ಎಳೆದಂತೆ ನೇರ ಮರಳು ದಂಡೆ. ಹಡಗು ಹೊಕ್ಕು ನಿಲ್ಲಲು ದೊಡ್ಡ ಕೊಲ್ಲಿಯಿಲ್ಲ. ಇಸ್ರಾಯೇಲಿನ ರಾಜ ಸೊಲೊಮೋನ ಜೆರುಸಲೇಮಿನಲ್ಲಿ ಕಟ್ಟಿಸಿದ ದೇವಾಲಯಕ್ಕೆ ಬೇಕಾದ ದೇವದಾರು ಮರಗಳನ್ನು, ಈಗಿನ ಲೆಬನೋನಿನಲ್ಲಿರುವ ತೂರ್ ಪಟ್ಟಣದ ರಾಜ ಹೀರಾಮನ ಜನ ತೆಪ್ಪ ಕಟ್ಟಿ ತೇಲಿಸಿ ಈ ಯೊಪ್ಪದವರೆಗೆ ತಂದರು. ಮುಂದಿನ ಕೆಲಸ, ಬೆಟ್ಟ ಹತ್ತಿಸುವುದು, ಇಸ್ರಾಯೇಲ್ಯರದ್ದು. ಅವರಿಗೆ ಬರುತ್ತಿದ್ದುದೂ ಅದೇ.

ಹಾಗಂತ ಯೆಹೂದ್ಯರು ನೀರಿಗೇ ಇಳಿಯಲಿಲ್ಲ ಎನ್ನಲಾಗದು. ದಾನ್ ಕುಲದವರು ಹಡಗುಗಳ ಹತ್ತಿರ ಯಾಕೆ ಕುಳಿತರು ಎಂದು ಬೈಬಲಿನ ದೆಬೋರಳ ಹಾಡು ಗದರುತ್ತದೆ. ಕ್ರಿ.ಶ. 67ರಲ್ಲಿ ರೋಮಿನ ವಿರುದ್ಧ ದಂಗೆ ಎದ್ದ ಯೆಹೂದ್ಯರು ಯೊಪ್ಪದಿಂದಲೇ ಕಡಲ್ಗಳ್ಳತನಕ್ಕೆ ಇಳಿದಿದ್ದರು. ರೋಮನ್ ಸೈನ್ಯ ಬಂದಾಗ ಹಡಗು ಹತ್ತಿ ಹೊರಗೆ ನಿಂತರು. ಬೆಳಗಿನ ಜಾವ ಉತ್ತರದ ಗಾಳಿ ಬೀಸಿ ಹಡಗುಗಳನ್ನು ಇದೇ ಬಂಡೆಗಳಿಗೆ ಬಡಿಯಿತು. ದಡಕ್ಕೆ ಬಂದ ಹೆಣಗಳು 4,200 ಎಂದು ಆ ಕಾಲದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅವನ ಲೆಕ್ಕ ಸ್ವಲ್ಪ ಜಾಸ್ತಿಯೇ ಇರಬಹುದು, ಬಂಡೆಗಳು ಮಾತ್ರ ಸುಳ್ಳಲ್ಲ.

ಎರಡನೇ ದಿನ: ಕೈಸರೈಯ

ಒಳ್ಳೆಯ ಬಂದರು ಇಲ್ಲ ಎಂದಾದರೆ ಕಟ್ಟಬೇಕು. ರೋಮಿನ ಅಡಿಯಲ್ಲಿ ಯೆಹೂದ್ಯರನ್ನು ಆಳುತ್ತಿದ್ದ ರಾಜ ಹೆರೋದ ಕಟ್ಟಿದ. ಕ್ರಿ.ಪೂ. 22ರಿಂದ ಸುಮಾರು 10ರವರೆಗೆ ಕೆಲಸ ನಡೆದ ಈ ಊರಿಗೆ ರೋಮಿನ ಚಕ್ರವರ್ತಿ ಕೈಸರನ ಹೆಸರು. ಜಲ್ಲಿ ಹಾದಿ, ನಾಟಕಶಾಲೆ, ಕುದುರೆ ಓಟದ ಮೈದಾನ ಎಲ್ಲ ದಾಟಿ ನಾವು ನೇರ ನೀರಿನ ಅಂಚಿಗೆ ಹೋದೆವು. ಯೇಸುವಿಗೆ ಮರಣದಂಡನೆ ವಿಧಿಸಿದ ರೋಮನ್ ಅಧಿಕಾರಿ ಪೊಂತ್ಯ ಪಿಲಾತನ ಹೆಸರಿದ್ದ ಕಲ್ಲು 1961ರಲ್ಲಿ ಸಿಕ್ಕಿದ್ದು ಇಲ್ಲೇ. ಈಗ ಇಲ್ಲಿರುವುದು ಅದರ ನಕಲು. ಅಕ್ಕ ಅದನ್ನು ಮುಟ್ಟಿ ನೋಡಿದಳು.

ಬಂದರು ಎಲ್ಲಿ ಎಂದರೆ ನೀರಿನ ಕೆಳಗೆ. ಅಲೆ ಕಡಿಮೆ ಇದ್ದಾಗ ಬಣ್ಣ ಬದಲಾಗುವ ಒಂದು ಪಟ್ಟಿ ಕಾಣುತ್ತದೆ ಅಷ್ಟೇ. ಡೈವಿಂಗ್ ಗೊತ್ತಿದ್ದವರು ಇಳಿದು ನೋಡಬಹುದು, ನೀರಿನೊಳಗೇ ಒಂದು ಪುರಾತತ್ವ ಉದ್ಯಾನ ಮಾಡಿದ್ದಾರೆ. ಹೆರೋದನ ಎಂಜಿನಿಯರುಗಳು ಇಟಲಿಯ ನೇಪಲ್ಸ್ ಕೊಲ್ಲಿಯ ಕಡೆಯಿಂದ ಜ್ವಾಲಾಮುಖಿ ಬೂದಿ ತರಿಸಿದರು. ಸುಣ್ಣದ ಜೊತೆ ಕಲಸಿದರೆ ಅದು ನೀರಿನೊಳಗೇ ಗಟ್ಟಿಯಾಗುತ್ತದೆ. ಮರದ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ತೇಲಿಸಿಕೊಂಡು ಹೋಗಿ, ಜಾಗಕ್ಕೆ ಬಂದ ಮೇಲೆ ಈ ಗಾರೆ, ಕಲ್ಲು ತುಂಬಿ ಮುಳುಗಿಸುವುದು. ಅವುಗಳ ಸಾಲೇ ಅಲೆತಡೆ ಗೋಡೆ.

ಭಾವನಿಗೆ ಇದು ಬಹಳ ಹಿಡಿಸಿತು. "ಬೂದಿ ತರಲಿಕ್ಕೇ ಎಷ್ಟು ಹಡಗು ಬೇಕಾಯಿತೋ!" ಎಂದು ಲೆಕ್ಕ ಹಾಕಲು ಶುರು ಮಾಡಿದರು. ಆದರೆ ತಳದ ಮರಳು ಕುಸಿದು, ನೆಲ ತಗ್ಗಿ, ಕೆಲವೇ ತಲೆಮಾರುಗಳಲ್ಲಿ ಗೋಡೆ ಹಾಳಾಗತೊಡಗಿತು. ಸಮುದ್ರಕ್ಕೆ ಮರಳನ್ನೇ ಮಿತಿಯಾಗಿ ಹಾಕಿದ್ದೇನೆ, ಅದು ಅದನ್ನು ದಾಟಲಾರದು ಎಂದು ಪ್ರವಾದಿ ಯೆರೆಮೀಯನ ಬಾಯಲ್ಲಿ ದೇವರು ಹೇಳುತ್ತಾನೆ. ಹೆರೋದನ ಗೋಡೆಗೆ ಅಂಥ ಭರವಸೆ ಯಾರೂ ಕೊಟ್ಟಿರಲಿಲ್ಲ.

ಅಪೊಸ್ತಲ ಪೌಲ ಎರಡು ವರ್ಷ ಸೆರೆಯಲ್ಲಿದ್ದು, ರೋಮಿಗೆ ಹಡಗು ಹತ್ತಿದ್ದೂ ಇಲ್ಲಿಂದ. ಸಂಜೆ ಗೋಡೆಯ ಮೇಲೆ ಕುಳಿತು ಅಕ್ಕ ಅಪೊಸ್ತಲರ ಕೃತ್ಯಗಳ 27ನೇ ಅಧ್ಯಾಯ ಓದಿದಳು. ಹಳೇ ಕಾಲದ ಸಮುದ್ರ ಪ್ರಯಾಣದ ಬಗ್ಗೆ ಇಷ್ಟು ವಿವರವಾದ ಬರಹ ಸಿಗುವುದು ಅಪರೂಪ. ಮುರ ಎಂಬಲ್ಲಿ ಹಡಗು ಬದಲಾಯಿಸಿ, ಅಲೆಕ್ಸಾಂಡ್ರಿಯದ ಗೋಧಿ ಹಡಗು ಹತ್ತುತ್ತಾರೆ. ಒಳಗೆ 276 ಜನ. ಯೆಹೂದ್ಯರ ಉಪವಾಸದ ದಿನ ಕಳೆದಿತ್ತು ಎಂದು ಬರುತ್ತದಲ್ಲ, ಅದರರ್ಥ ಸೆಪ್ಟೆಂಬರ್-ಅಕ್ಟೋಬರ್ ದಾಟಿತು, ಇನ್ನು ಹೊರಡಬಾರದು. ನವೆಂಬರ್ ಮಧ್ಯದಿಂದ ಮಾರ್ಚ್ ಆರಂಭದವರೆಗೆ ಆ ಸಮುದ್ರದಲ್ಲಿ ಯಾನವೇ ಬಹುತೇಕ ಬಂದ್. ಜೂನ್, ಜುಲೈಯಲ್ಲಿ ಮಲ್ಪೆಯಲ್ಲಿ ಬೋಟುಗಳನ್ನು ಕಟ್ಟಿಹಾಕುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹಡಗಿನ ಮಾಲೀಕ, ಚುಕ್ಕಾಣಿಯವನು, ಸೇನಾಧಿಕಾರಿ ಸೇರಿ ಇನ್ನೊಂದು ಒಳ್ಳೇ ಬಂದರಿಗೆ ಹೋಗೋಣ ಎಂದು ಬಿಡುತ್ತಾರೆ.

ಮುಂದಿನದ್ದನ್ನು ಭಾವ ತಡೆತಡೆದು ಕೇಳಿದರು. ಹಡಗು ಸೀಳದಂತೆ ಹೊಟ್ಟೆಗೆ ಹಗ್ಗ ಸುತ್ತುವುದು. ಹದಿನಾಲ್ಕನೇ ರಾತ್ರಿ ನೆಲ ಹತ್ತಿರ ಬಂತೆಂಬ ಅನುಮಾನ. ಆಳ ಅಳೆಯಲು ಗುಂಡು ಇಳಿಬಿಟ್ಟಾಗ ಇಪ್ಪತ್ತು ಮಾರು, ಸ್ವಲ್ಪ ಮುಂದೆ ಹದಿನೈದು ಮಾರು. ಕೂಡಲೇ ಹಿಂಭಾಗದಿಂದ ನಾಲ್ಕು ಲಂಗರು.

"ಹಿಂದಿನಿಂದಲಾ? ಸರಿ, ಸರಿ. ಇಲ್ಲದಿದ್ದರೆ ಹಡಗು ತಿರುಗಿಬಿಡುತ್ತದೆ, ಮೂತಿ ದಡದ ಕಡೆಗೇ ಇರಬೇಕು" ಎಂದರು. ನಾವಿಕರು ಮುಂಭಾಗದ ಲಂಗರು ಹಾಕುವ ನೆಪದಲ್ಲಿ ಸಣ್ಣ ದೋಣಿ ಇಳಿಸಿ ಓಡಿಹೋಗಲು ನೋಡಿದ್ದು ಕೇಳಿ ಜೋರಾಗಿ ನಕ್ಕರು. ಯಾಕೆ ನಕ್ಕರು ಎಂದು ನಾವು ಕೇಳಲಿಲ್ಲ. ಮಾಲ್ಟಾದ ದಂಡೆಯಲ್ಲಿ ಹಡಗು ಒಡೆಯಿತು, ಜನ ಎಲ್ಲ ಉಳಿದರು.

ಮೂರನೇ ದಿನ: ದೋರ್, ಹೈಫಾ

ಕೈಸರೈಯದಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ದೋರ್. ಈ ಕರಾವಳಿಯಲ್ಲಿ ಪ್ರಕೃತಿಯೇ ಕೊಟ್ಟ ಒಂದೆರಡು ಆಶ್ರಯಗಳಲ್ಲಿ ಇದೂ ಒಂದು. ಎದುರಿಗೆ ಪುಟ್ಟ ಪುಟ್ಟ ಕಲ್ಲು ದ್ವೀಪಗಳು, ಅವುಗಳ ಹಿಂದೆ ಶಾಂತ ನೀರು. ಈಜಿಪ್ಟಿನ ಒಂದು ಪಪೈರಸ್‌ನಲ್ಲಿ ವೆನಾಮುನ್ ಎಂಬ ಅಧಿಕಾರಿಯ ಕಥೆ ಇದೆ. ಕಾಲ ಸುಮಾರು ಕ್ರಿ.ಪೂ. 11ನೇ ಶತಮಾನ. ಅಮುನ್ ದೇವರ ದೋಣಿಗೆ ಮರ ತರಲು ಲೆಬನೋನಿಗೆ ಹೊರಟವನು ದೋರಿನಲ್ಲಿ ನಿಂತಾಗ, ಅವನ ಹಡಗಿನವನೇ ಒಬ್ಬ ಚಿನ್ನ ಬೆಳ್ಳಿ ಕದ್ದು ಓಡಿದ. ವೆನಾಮುನ್ ಊರಿನ ದೊರೆಯ ಹತ್ತಿರ ಹೋಗಿ, ನಿನ್ನ ಬಂದರಿನಲ್ಲಿ ಕಳವಾಯಿತು, ನೀನೇ ತುಂಬಿಕೊಡು ಎಂದ. ದೊರೆಯ ಉತ್ತರ: ಕಳ್ಳ ನನ್ನ ಊರಿನವನಾಗಿದ್ದರೆ ನನ್ನ ಖಜಾನೆಯಿಂದ ಕೊಡುತ್ತಿದ್ದೆ, ಅವನು ನಿನ್ನ ಹಡಗಿನವನು. ಕೆಲವು ದಿನ ಇರು, ಹುಡುಕಿಸುತ್ತೇನೆ. ಯಾರೂ ಸಿಗಲಿಲ್ಲ. ಮೂರು ಸಾವಿರ ವರ್ಷದ ಹಿಂದೆಯೂ ಬಂದರಿನ ಕಚೇರಿಯ ಮಾತಿನ ಧಾಟಿ ಇದೇ ಇತ್ತು ಎಂದಾಯಿತು!

ಮಧ್ಯಾಹ್ನ ಹೈಫಾ. ವಿಶ್ವವಿದ್ಯಾಲಯದ ಹೆಕ್ಟ್ ಮ್ಯೂಸಿಯಂನಲ್ಲಿ ಸುಮಾರು ಕ್ರಿ.ಪೂ. 400ರ ಒಂದು ಹಡಗಿದೆ. 1985ರಲ್ಲಿ ಮಾಗನ್ ಮಿಖಾಯೇಲ್ ಎಂಬ ಕಿಬ್ಬುಟ್ಜ್‌ನ (ಎಲ್ಲರೂ ಕೂಡಿ ದುಡಿಯುವ ಊರಿನ) ಎದುರಿನ ಸಮುದ್ರದಲ್ಲಿ, ದಡಕ್ಕೆ ತೀರಾ ಹತ್ತಿರ ಸಿಕ್ಕಿದ್ದು. ಉಳಿದಿರುವ ಭಾಗವೇ 11 ಮೀಟರಿಗೂ ಜಾಸ್ತಿ. ನಾವು ಅದರ ಸುತ್ತ ಸುತ್ತು ಹಾಕಿದೆವು. ಹಲಗೆಗಳ ನಡುವೆ ಕಾಗದ ತೂರಿಸಲೂ ಜಾಗವಿಲ್ಲ. ಹಲಗೆಯ ಅಂಚಿನಲ್ಲಿ ಸೀಳು ಕೊರೆದು, ಚಪ್ಪಟೆ ಮರದ ತುಂಡು ಕೂರಿಸಿ, ಮುಂದಿನ ಹಲಗೆಯನ್ನು ಅದಕ್ಕೆ ಸಿಕ್ಕಿಸಿ, ಎರಡೂ ಕಡೆ ಗೂಟ ಹೊಡೆದಿದ್ದಾರೆ. ಮೊದಲು ಹೊರಗಿನ ಚಿಪ್ಪು, ಆಮೇಲೆ ಒಳಗಿನ ಅಡ್ಡ ಮರಗಳು. ಇಂದಿನ ಕ್ರಮಕ್ಕೆ ಉಲ್ಟಾ.

ಮುಂದಿನ ಮತ್ತು ಹಿಂದಿನ ತುದಿಗಳಲ್ಲಿ ಮಾತ್ರ ಗೂಟದ ಜೊತೆಗೆ ಹೊಲಿಗೆ ಇದೆ, ಹಗ್ಗದ್ದು. ಭಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಅರಬ್ಬಿ ಸಮುದ್ರದಲ್ಲಿ, ನಮ್ಮ ಕರಾವಳಿಯೂ ಸೇರಿ, ಹಳೇ ದೋಣಿಗಳನ್ನು ತೆಂಗಿನ ನಾರಿನಲ್ಲಿ ಹೊಲಿಯುತ್ತಿದ್ದರು. "ನೋಡು, ಇಲ್ಲೂ ಹೊಲಿದಿದ್ದಾರೆ" ಎಂದು ಕಾವಲಿನವನಿಗೂ ತೋರಿಸಿದರು. ಅವನಿಗೆ ಅದು ಗೊತ್ತಿತ್ತು.

ತೂರ್, ಚೀದೋನ್ ಕಡೆಯ ಹಡಗಿನ ಜನ ಫಿನೀಷಿಯನ್ನರು. ಅವರ ಕೆಲಸ ಎಂಥದ್ದಾಗಿತ್ತು ಎಂದು ತಿಳಿಯಲು ಪ್ರವಾದಿ ಯೆಹೆಜ್ಕೇಲನ 27ನೇ ಅಧ್ಯಾಯ ನೋಡಬೇಕು. ತೂರ್ ಪಟ್ಟಣವನ್ನೇ ಒಂದು ಹಡಗು ಮಾಡಿ ಹಾಡುತ್ತಾನೆ. ಕಂಬಕ್ಕೆ ಲೆಬನೋನಿನ ದೇವದಾರು, ಹುಟ್ಟಿಗೆ ಬಾಷಾನಿನ ಓಕ್, ಹಾಯಿಗೆ ಈಜಿಪ್ಟಿನ ನಾರುಬಟ್ಟೆ, ಹುಟ್ಟು ಹಾಕಲು ಚೀದೋನಿನ ಜನ, ಸಂದು ಮುಚ್ಚಲು ಗೆಬಾಲಿನ ಅನುಭವಿಗಳು. ಆಮೇಲೆ ಮೂಡಣ ಗಾಳಿ ಎದ್ದು ಎಲ್ಲ ಮುಳುಗುತ್ತದೆ. ಬರೆದವನು ಬಾಬೆಲಿನಲ್ಲಿ ಸೆರೆಯಾಳಾಗಿದ್ದ ಯಾಜಕ. ಅವನಿಗೆ ಶತ್ರುವಿನ ಹಡಗಿನ ಮೇಲೆ ಸಿಟ್ಟಿತ್ತು, ಆದರೆ ಅದನ್ನು ಎಷ್ಟು ಆಸೆಯಿಂದ ನೋಡಿದ್ದಾನೆ!

ನಾವು ಊರಿಗೆ ಬಂದ ಮೇಲೆ, 2024ರ ಜೂನಿನಲ್ಲಿ, ಇನ್ನೊಂದು ಸುದ್ದಿ ಬಂತು. ಇಸ್ರೇಲಿನ ದಡದಿಂದ 90 ಕಿಲೋಮೀಟರ್ ದೂರದಲ್ಲಿ, 1.8 ಕಿಲೋಮೀಟರ್ ಆಳದಲ್ಲಿ, ಸುಮಾರು 3,300 ವರ್ಷ ಹಳೆಯ ಹಡಗಿನ ಸರಕು, ನೂರಾರು ಕಾನಾನ್ಯ ಜಾಡಿಗಳು, ಗ್ಯಾಸ್ ಕಂಪನಿಯೊಂದರ ರೋಬೋಟ್ ಕಣ್ಣಿಗೆ ಬಿದ್ದಿದ್ದವು. ಆ ದೂರದಿಂದ ಯಾವ ದಡವೂ ಕಾಣುವುದಿಲ್ಲ. ಹಳಬರು ದಡ ಬಿಟ್ಟು ಹೋಗುತ್ತಿರಲಿಲ್ಲ ಎಂಬ ಮಾತಿಗೆ ಅಲ್ಲಿಗೆ ಪೆಟ್ಟು ಬಿತ್ತು. ಭಾವ ಆ ಸುದ್ದಿಯನ್ನು ವಾಟ್ಸಾಪಿನಲ್ಲಿ ಮೂರು ಗ್ರೂಪಿಗೂ ಕಳಿಸಿದರು.

ನಾಲ್ಕನೇ ದಿನ: ಗಲಿಲಾಯ

ಬೈಬಲಿನಲ್ಲಿ ಇದು ಸಮುದ್ರ, ನೋಡಿದರೆ ಕೆರೆ. ಉದ್ದ 21 ಕಿಲೋಮೀಟರ್, ಅಗಲ 13. ಸಮುದ್ರ ಮಟ್ಟಕ್ಕಿಂತ 200 ಮೀಟರಿಗೂ ಕೆಳಗೆ. ಸುತ್ತ ಬೆಟ್ಟ. ತಗ್ಗಿನಲ್ಲಿ ಬಿಸಿ ಗಾಳಿ, ಪಶ್ಚಿಮದಿಂದ ತಂಪು ಗಾಳಿ ಅರ್ಬೇಲ್ ಕಣಿವೆಯ ಸಂದಿನಿಂದ ನುಗ್ಗಿದರೆ, ಕನ್ನಡಿಯಂತಿದ್ದ ನೀರು ಸ್ವಲ್ಪ ಹೊತ್ತಿನಲ್ಲೇ ದೋಣಿಗೆ ಹಾರುತ್ತದೆ. ನಾವು ಕೇರಳದ ಒಂದು ತಂಡದ ಜೊತೆ ಪ್ರವಾಸಿ ದೋಣಿ ಹತ್ತಿದೆವು. ತ್ರಿವರ್ಣ ಧ್ವಜ ಏರಿಸಿ ಜನಗಣಮನ ಹಾಕಿದರು. ಎಲ್ಲರೂ ಎದ್ದು ನಿಂತೆವು. ಗಾಳಿ ಏಳಲಿಲ್ಲ.

ಗಿನೋಸಾರಿನಲ್ಲಿ ಇರುವ ದೋಣಿಗಾಗಿಯೇ ಇಲ್ಲಿಗೆ ಬರಬೇಕು. 1986ರ ಬರಗಾಲದಲ್ಲಿ ನೀರು ಹಿಂದೆ ಸರಿದಾಗ, ಮೀನುಗಾರ ಸಹೋದರರಿಬ್ಬರಿಗೆ ಕೆಸರಿನಲ್ಲಿ ಅದರ ಅಂಚು ಕಂಡಿತು. ಕಾಲ ಹೆಚ್ಚುಕಡಿಮೆ ಯೇಸುವಿನದ್ದೇ. ಮೆದುವಾಗಿ ನೆನೆದಿದ್ದ ಮರ ಮುಟ್ಟಿದರೆ ಮುರಿಯುವಂತಿತ್ತು. ಅದಕ್ಕೆ ಫೋಮ್ ಸುರಿದು, ಸುತ್ತಿ, ಮತ್ತೆ ನೀರಿನ ಮೇಲೆ ತೇಲಿಸಿಯೇ ದಡಕ್ಕೆ ತಂದರು. ಮೇಣದಂಥ ರಾಸಾಯನಿಕದಲ್ಲಿ ವರ್ಷಗಟ್ಟಲೆ ನೆನೆಸಿಟ್ಟ ಮೇಲೆ ಈಗ ಉಕ್ಕಿನ ಕಂಬಿಗಳ ಮೇಲೆ ಕೂರಿಸಿದ್ದಾರೆ. ಉದ್ದ 8.2 ಮೀಟರ್, ಅಗಲ 2.3.

ಹತ್ತಿರ ಹೋದರೆ ಅದರಲ್ಲಿ ತೇಪೆಗಳೇ ಜಾಸ್ತಿ. ದೇವದಾರು, ಓಕ್, ಎಲಚಿ ಜಾತಿಯ ಮರ, ಹೀಗೆ ಹನ್ನೆರಡು ಬಗೆಯ ಮರ. ಬೇರೆ ದೋಣಿಯಿಂದ ಕಿತ್ತು ತಂದ ಹಲಗೆಗಳೂ ಇವೆ. ಕೊನೆಗೆ ರಿಪೇರಿಗೂ ಬಾರದು ಎಂದಾದಾಗ ಕಂಬದ ಬುಡ, ಮುಂದಿನ ಹಿಂದಿನ ಒಳ್ಳೇ ಮರಗಳನ್ನೆಲ್ಲ ಬಿಚ್ಚಿಕೊಂಡು ಉಳಿದದ್ದನ್ನು ನೀರಿಗೆ ತಳ್ಳಿದ್ದಾರೆ.

"ದುಡ್ಡಿಲ್ಲದವನ ದೋಣಿ. ಆದರೆ ಕೆಲಸ ಗೊತ್ತಿದ್ದ ಬಡಗಿ" ಎಂದರು ಭಾವ.

ಇಂಥದ್ದರಲ್ಲೇ ಯೇಸುವಿನ ಶಿಷ್ಯರಾದ ಪೇತ್ರ, ಅಂದ್ರೆಯ ಬಲೆ ಬೀಸಿದ್ದು. ಬಿರುಗಾಳಿಯ ರಾತ್ರಿ ಯೇಸು ಹಿಂಭಾಗದಲ್ಲಿ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದ ಎಂದು ಮಾರ್ಕ ಬರೆಯುತ್ತಾನೆ. ಯೋನನೂ ಮಲಗಿದ್ದ, ಇವನೂ ಮಲಗಿದ್ದಾನೆ. ಇವನು ಎದ್ದು ಗದರಿಸಿದರೆ ಸಮುದ್ರ ಸುಮ್ಮನಾಗುತ್ತದೆ. ಗಾಳಿಯೂ ಸಮುದ್ರವೂ ಕೇಳುವಂಥ ಇವನು ಯಾರು ಎಂದು ಶಿಷ್ಯರು ಹೆದರುವುದು ಯಾಕೆಂದರೆ, ಅವರು ಬೆಳೆದದ್ದು ಕೀರ್ತನೆಗಳ, ಯೋಬನ ಪುಸ್ತಕದ ಜೊತೆ. ಸಮುದ್ರಕ್ಕೆ ಬಾಗಿಲು ಅಗುಳಿ ಹಾಕಿದವನು, ಅಲೆಗಳ ಮೇಲೆ ನಡೆಯುವವನು, ಲಿವ್ಯಾತಾನ್ ಎಂಬ ಸಮುದ್ರದ ದೈತ್ಯಪ್ರಾಣಿಯ ತಲೆಗಳನ್ನು ಜಜ್ಜಿದವನು ಒಬ್ಬನೇ ಎಂದು ಅವರು ಚಿಕ್ಕಂದಿನಿಂದ ಕೇಳಿದ್ದರು. ಉತ್ತರದ, ಈಗಿನ ಸಿರಿಯಾದಲ್ಲಿರುವ ಉಗಾರಿತ್‌ನಲ್ಲಿ 1929ರಿಂದ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಬಾಳ್ ದೇವರು ಸಮುದ್ರ ದೇವರನ್ನು ಹೊಡೆದು ರಾಜನಾಗುವ ಕಥೆ ಇದೆ. ಸುತ್ತಲಿನ ಎಲ್ಲರಿಗೂ ಸಮುದ್ರ ಎಂದರೆ ಹದ್ದುಬಸ್ತಿನಲ್ಲಿ ಇಡಬೇಕಾದ ಒಂದು ಶಕ್ತಿ.

ರಾತ್ರಿ ಪೇತ್ರನ ಮೀನು ಎಂದು ಕರಿದ ತಿಲಾಪಿಯ ಕೊಟ್ಟರು. ಅಕ್ಕನಿಗೆ ಖಾರ ಸಾಲಲಿಲ್ಲ.

ಐದನೇ ದಿನ: ಜೆರುಸಲೇಮ್

ಮಳೆ. ಸಮುದ್ರ ಇಲ್ಲಿಂದ ಸುಮಾರು 60 ಕಿಲೋಮೀಟರ್. ಆದರೂ ದೇವಾಲಯದ ಅಂಗಳದಲ್ಲಿ ಸೊಲೊಮೋನ ಒಂದು ಸಮುದ್ರ ಇರಿಸಿದ್ದ. ಹನ್ನೆರಡು ಎತ್ತುಗಳ ಬೆನ್ನಿನ ಮೇಲೆ ಕೂತ ತಾಮ್ರದ ಹಂಡೆ, ಹತ್ತು ಮೊಳ ಅಗಲ, ಐದು ಮೊಳ ಎತ್ತರ. ಅದರ ಹೆಸರೇ ಸಮುದ್ರ. ಯಾಜಕರು ತೊಳೆದುಕೊಳ್ಳಲು ಎಂದು ಪುಸ್ತಕ ಹೇಳುತ್ತದೆ. ನನಗಂತೂ ಪಳಗಿಸಿ ಕಟ್ಟಿಹಾಕಿದ ಸಮುದ್ರವನ್ನು ದೇವರ ಬಾಗಿಲಲ್ಲಿ ನಿಲ್ಲಿಸಿದಂತೆ ಕಾಣುತ್ತದೆ. ಬಾಬೆಲಿನವರು ಅದನ್ನು ಒಡೆದು ತಾಮ್ರ ಹೊತ್ತೊಯ್ದರು. ಆ ದಿನ ಉಳಿದ ಹೊತ್ತು ಅಕ್ಕನದ್ದು, ಅವಳ ಚರ್ಚುಗಳದ್ದು.

ಆರನೇ ದಿನ: ಮೃತ ಸಮುದ್ರದ ದಾರಿಯಲ್ಲಿ

ದಕ್ಷಿಣಕ್ಕೆ ಹೋಗುವಾಗ ಏನ್ಗೆದಿಯಲ್ಲಿ ನಿಂತೆವು. ನೀರು ವರ್ಷಕ್ಕೆ ಒಂದು ಮೀಟರಿನಷ್ಟು ಇಳಿಯುತ್ತಿದೆ. ಸರಿದ ಜಾಗದಲ್ಲಿ ಹಳೇ ಮರದ ಲಂಗರುಗಳು ಸಿಕ್ಕಿವೆ, ಅಂದರೆ ಇಲ್ಲೂ ದೋಣಿ ಓಡಾಡುತ್ತಿತ್ತು. ಮೀನಿಲ್ಲದ ಈ ನೀರು ಒಂದು ದಿನ ಸಿಹಿಯಾಗಿ, ಏನ್ಗೆದಿಯ ದಂಡೆಯಲ್ಲಿ ಬೆಸ್ತರು ಬಲೆ ಹರವುತ್ತಾರೆ ಎಂದು ಯೆಹೆಜ್ಕೇಲ ಕನಸು ಕಂಡ. ಬೈಬಲಿನ ಕೊನೆಯ ಪುಸ್ತಕದಲ್ಲಿ, ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನನ ದರ್ಶನ ಇನ್ನೂ ಮುಂದೆ ಹೋಗುತ್ತದೆ. ಹೊಸ ಭೂಮಿಯಲ್ಲಿ ಸಮುದ್ರವೇ ಇಲ್ಲ.

"ಹಾಗಾದರೆ ಅಲ್ಲಿಗೆ ನಾನು ಬರುವುದಿಲ್ಲ" ಎಂದರು ಭಾವ. "ಕರೆದವರು ಯಾರು?" ಎಂದಳು ಅಕ್ಕ.

ಕೊನೆಯ ದಿನ: ಏಲತ್

ಕೆಂಪು ಸಮುದ್ರದ ತುದಿ. ಎದುರಿಗೆ ಜೋರ್ಡಾನಿನ ಅಕಾಬಾ, ಕೈಚಾಚಿದರೆ ಸಿಗುವಷ್ಟು ಹತ್ತಿರ. ಸೊಲೊಮೋನ ಹಡಗು ಕಟ್ಟಿಸಿದ ಎಚ್ಯೋನ್ಗೆಬೆರ್ ಈ ಸುತ್ತಿನಲ್ಲೇ ಎಲ್ಲೋ ಇತ್ತು. ಗಡಿಯಾಚೆಯ ತೆಲ್ ಎಲ್ ಖೆಲೇಫೆ ದಿಬ್ಬವನ್ನು 1938ರಿಂದ 1940ರವರೆಗೆ ಅಗೆದ ನೆಲ್ಸನ್ ಗ್ಲೂಕ್ ಅದೇ ಇದು ಎಂದರು. ಮಡಕೆಗಳನ್ನು ಮತ್ತೆ ಪರೀಕ್ಷಿಸಿದಾಗ ಅವು ಸೊಲೊಮೋನನಿಗಿಂತ ಈಚಿನವು ಎಂದಾಯಿತು.

ಇಲ್ಲಿಂದ ಹೊರಟ ಹಡಗುಗಳು ಓಫೀರ್ ಎಂಬ ನಾಡಿನಿಂದ 420 ತಲಾಂತು (ಆ ಕಾಲದ ದೊಡ್ಡ ತೂಕ) ಚಿನ್ನ ತಂದವಂತೆ. ಮೂರು ವರ್ಷಕ್ಕೊಮ್ಮೆ ದಂತ, ಕಪಿ, ನವಿಲು. ನವಿಲು ನಮ್ಮ ಕಡೆಯದ್ದೇ ಅಲ್ವಾ ಎಂದು ಅಕ್ಕನಿಗೆ ಖುಷಿ. ಓಫೀರನ್ನು ಯೆಮನಿನಲ್ಲಿ, ಆಫ್ರಿಕಾದಲ್ಲಿ, ಮುಂಬೈ ಹತ್ತಿರದ ಸೋಪಾರದಲ್ಲಿ ಹುಡುಕಿದವರಿದ್ದಾರೆ, ಒಮ್ಮತ ಇಲ್ಲ. ಆದರೆ ಆ ಹೆಸರು ಬರೀ ಕಥೆಯಲ್ಲ. ಟೆಲ್ ಅವೀವಿನ ತೆಲ್ ಕಸೀಲೆಯಲ್ಲಿ 1946ರಲ್ಲಿ ಸಿಕ್ಕ ಮಡಕೆ ಚೂರಿನ ಮೇಲೆ ಓಫೀರಿನ ಚಿನ್ನ, 30 ಶೆಕೆಲ್ ಎಂಬ ಲೆಕ್ಕ ಬರೆದಿದೆ.

ಭಾವ ಸುತ್ತಲಿನ ಬೋಳು ಗುಡ್ಡ ನೋಡಿ, "ಹಡಗಿಗೆ ಮರ ಎಲ್ಲಿಂದ ತಂದರು?" ಎಂದು ಕೇಳಿದರು. ಅರಸುಗಳ ಪುಸ್ತಕ ಅದನ್ನು ಹೇಳುವುದಿಲ್ಲ. ಸಮುದ್ರ ಬಲ್ಲ ನಾವಿಕರನ್ನು ಹೀರಾಮ ಕಳಿಸಿದ ಎಂದು ಮಾತ್ರ ಹೇಳುತ್ತದೆ.

ಆಮೇಲೆ ಯೆಹೋಷಾಫಾಟ ರಾಜ ಅದೇ ಜಾಗದಲ್ಲಿ ಹಡಗು ಕಟ್ಟಿಸಿದ. ಹೊರಡುವ ಮೊದಲೇ ಎಲ್ಲ ಒಡೆದುಹೋದವು. ಕೆಟ್ಟ ರಾಜ ಅಹಜ್ಯನ ಜೊತೆ ಸೇರಿದ್ದಕ್ಕೆ ದೇವರು ಒಡೆದ ಎಂದು ಬೈಬಲಿನ ಪೂರ್ವಕಾಲವೃತ್ತಾಂತ ಪುಸ್ತಕದಲ್ಲಿ ಪ್ರವಾದಿಯೊಬ್ಬ ಹೇಳುತ್ತಾನೆ. ಅಕ್ಕ ಅದನ್ನು ಓದಿ ಪುಸ್ತಕ ಮುಚ್ಚಿದಳು.

ಬೆಳಗಿನಿಂದ ಉತ್ತರದ ಗಾಳಿ ಬೀಸುತ್ತಲೇ ಇತ್ತು. ಈ ಕೊಲ್ಲಿಯಲ್ಲಿ ವರ್ಷದ ಹೆಚ್ಚಿನ ದಿನ ಅದೇ ಗಾಳಿಯಂತೆ. ಭಾವ ಟೋಪಿ ಹಿಡಿದುಕೊಂಡು, "ಹೀರಾಮನ ಜನ ಇರಲಿಲ್ಲ, ಲಂಗರು ಸರಿ ಹಾಕಿರಲಿಲ್ಲ, ಅಷ್ಟೇ" ಎಂದರು.

"ಪ್ರವಾದಿ ಹೇಳಿದ್ದನ್ನು ಬಿಟ್ಟು ನಿಮ್ಮದೊಂದು" ಎಂದಳು ಅಕ್ಕ.

"ಪ್ರವಾದಿ ಹೇಳಿದ್ದನ್ನು ಇನ್ಶೂರೆನ್ಸಿನವರಿಗೆ ಬರೆದು ಕೊಟ್ಟರೆ ಒಂದು ಪೈಸೆ ಹುಟ್ಟುವುದಿಲ್ಲ ಮಾರಾಯ್ತಿ."

ಕಾರು ವಾಪಸ್ ಕೊಡುವವರೆಗೂ ಇಬ್ಬರೂ ಬಿಟ್ಟುಕೊಡಲಿಲ್ಲ. ನನ್ನನ್ನು ಕೇಳಿದರು. ನಾನು ಊಟಕ್ಕೆ ಹೋಗೋಣ ಎಂದೆ.